ಕಪ್ಪಲ್ಲದ ಬೂಷ್ಟು

ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವ ವಿದ್ಯಾರ್ಥಿಗೆ ಬೂಷ್ಟಿನ ಗೊಡವೆ ಏಕೆ ಎಂದು ಈ ಸಂಚಿಕೆಯ ಸಂಪಾದಕ ಮಂಡಲಿಯ ಮಿತ್ರರೊಬ್ಬರು ನಗುತ್ತ ಕೇಳಿದರು. ಪ್ರಶ್ನೆ ನ್ಯಾಯವಾದುದೇ. ನಾನು ವೈದ್ಯನಲ್ಲ; ಸಸ್ಯಶಾಸ್ತ್ರವನ್ನು ಕ್ರಮವಾಗಿ ಓದಿದವನೂ ಅಲ್ಲ. ಆದರೆ 2021ನೆಯ ಇಸವಿಯ ಮೇ ತಿಂಗಳಲ್ಲಿ ನನ್ನ ಸೋದರಮಾವ ತಮ್ಮ ಎಡಗಣ್ಣನ್ನು ಕಳೆದುಕೊಂಡರು. ಆಗ ನಾನು ಪಿ.ಯು.ಸಿ. ಮೊದಲನೆಯ ವರ್ಷದಲ್ಲಿದ್ದೆ. ಅಂದಿನಿಂದ ಈ ವಿಷಯವಾಗಿ ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದಿದ್ದೇನೆ. ತಿಳಿಯದೆ ಹೋದುದನ್ನು ಬಲ್ಲವರಲ್ಲಿ ಕೇಳಿದ್ದೇನೆ. ಹಾಗೆ ಕೂಡಿಹಾಕಿದ ತಿಳಿವಳಿಕೆಯನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ.

ಆ ತಿಂಗಳು ವೃತ್ತಪತ್ರಿಕೆಗಳಲ್ಲೆಲ್ಲ ಕಪ್ಪು ಶಿಲೀಂಧ್ರದ್ದೇ ಸುದ್ದಿ. ಜನರಂತೂ ಅದನ್ನು ‘ಬ್ಲ್ಯಾಕ್ ಫಂಗಸ್’ ಎಂದೇ ಕರೆದರು. ಕೊರೋನದ ಎರಡನೆಯ ಅಲೆ ಊರೂರನ್ನೂ ಹೊಕ್ಕು ಕಂಗೆಡಿಸಿದ್ದ ಹೊತ್ತಿನಲ್ಲಿ, ಎಲ್ಲಿಂದಲೋ ಹೊಸ ಪಿಶಾಚಿಯೊಂದು ಬಂದು ಕಣ್ಣು ಕೀಳುತ್ತಿದೆಯೆಂಬ ಭಯ ಹರಡಿತು. ಕೆಲವೇ ದಿನಗಳಲ್ಲಿ ಬಿಳಿಯ ಶಿಲೀಂಧ್ರ, ಹಳದಿಯ ಶಿಲೀಂಧ್ರ ಎಂದು ಬಣ್ಣಗಳ ಪಟ್ಟಿಯೂ ಬೆಳೆಯಿತು. ದೆಹಲಿಯ ಏಮ್ಸ್ ಸಂಸ್ಥೆಗೆ ಅಂದು ನಿರ್ದೇಶಕರಾಗಿದ್ದ ಡಾ. ರಣದೀಪ್ ಗುಲೇರಿಯಾ ಅವರು, ಬಣ್ಣದಿಂದ ಹೆಸರಿಟ್ಟರೆ ಗೊಂದಲವಾಗುತ್ತದೆ, ಹಾಗೆ ಕರೆಯುವುದು ಬೇಡವೆಂದು ಹೇಳಬೇಕಾಯಿತು. ನಿಜವಾಗಿ ನೋಡಿದರೆ ಆ ಬೂಷ್ಟು ಕಪ್ಪೂ ಅಲ್ಲ, ಹೊಸದೂ ಅಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ.

ಬೂಷ್ಟು ಎಂದರೇನು? ಮಳೆಗಾಲದಲ್ಲಿ ಎರಡು ದಿನ ಮುಚ್ಚಿಟ್ಟ ಬ್ರೆಡ್ಡಿನ ಮೇಲೆ, ಅರ್ಧ ಬಳಸಿ ಮರೆತ ತೆಂಗಿನ ಹೋಳಿನ ಮೇಲೆ, ಮೂಲೆಯಲ್ಲಿ ಬಿದ್ದ ಚರ್ಮದ ಚಪ್ಪಲಿಯ ಮೇಲೆ ಹತ್ತಿಯಂತೆ ಹಬ್ಬುವುದೆಲ್ಲ ಬೂಷ್ಟೇ. ಗಿಡಗಳ ಹಾಗೆ ಇದಕ್ಕೆ ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಶಕ್ತಿಯಿಲ್ಲ. ಸತ್ತುದನ್ನು ಕರಗಿಸಿ ಹೀರಿಕೊಂಡು ಬದುಕುತ್ತದೆ. ಒಂದು ಭಾನುವಾರ ಪಕ್ಕದ ವಿಜ್ಞಾನ ಕಾಲೇಜಿನ ಸಸ್ಯಶಾಸ್ತ್ರದ ಅಧ್ಯಾಪಕರೊಬ್ಬರು ನನ್ನ ಮೇಲೆ ಕೃಪೆಮಾಡಿ ಸೂಕ್ಷ್ಮದರ್ಶಕದಲ್ಲಿ ಬ್ರೆಡ್ಡಿನ ಬೂಷ್ಟನ್ನು ತೋರಿಸಿದರು. ಅದರ ಎಳೆಗಳು ಗಾಜಿನ ನಳಿಗೆಗಳಂತೆ ಸ್ವಚ್ಛವಾಗಿ, ಬಣ್ಣವೇ ಇಲ್ಲದಂತಿದ್ದವು. ಅಲ್ಲಲ್ಲಿ ಒಂದೊಂದು ಎಳೆ ನೆಟ್ಟಗೆ ನಿಂತು ತುದಿಯಲ್ಲಿ ಕಪ್ಪು ತಲೆ ಹೊತ್ತಿತ್ತು; ಥೇಟು ಗುಂಡುಸೂಜಿಯೇ. ಆ ತಲೆಯೊಡೆದರೆ ಸಾವಿರಾರು ಬೀಜಕಗಳು ಗಾಳಿಗೆ ಸೇರುತ್ತವೆ. ಇದರ ಹೆಸರು ರೈಜೋಪಸ್. ಮನುಷ್ಯರಲ್ಲಿ ರೋಗ ತರುವುದರಲ್ಲಿ ಮುಂದಿರುವ ರೈಜೋಪಸ್ ಅರೈಜಸ್ ಎಂಬುದು ಈ ಬ್ರೆಡ್ಡಿನ ಬೂಷ್ಟಿನ ದಾಯಾದಿ. ಮಣ್ಣಿನಲ್ಲಿ, ಗೊಬ್ಬರದ ಗುಂಡಿಯಲ್ಲಿ, ಕೊಳೆತ ಹಣ್ಣಿನಲ್ಲಿ ಎಲ್ಲೆಲ್ಲಿಯೂ ಅದು ಇದೆ. ಈ ಲೇಖನವನ್ನು ಓದುತ್ತಿರುವವರೂ ಅದರ ಬೀಜಕಗಳನ್ನು ಉಸಿರಿನೊಂದಿಗೆ ಒಳಗೆ ಎಳೆದುಕೊಳ್ಳುತ್ತಿರಬಹುದು. ಏನೂ ಆಗುವುದಿಲ್ಲ. ಬಿಳಿಯ ರಕ್ತಕಣಗಳು ಅವನ್ನು ಹಿಡಿದು ಕೊಂದುಹಾಕುತ್ತವೆ.

ಹಾಗಾದರೆ ಕಪ್ಪು ಎಂಬ ಮಾತು ಹೇಗೆ ಬಂತು? ಈ ಬೂಷ್ಟಿಗೆ ಒಂದು ಕೆಟ್ಟ ಚಾಳಿಯಿದೆ. ದೇಹದೊಳಗೆ ಬೇರೂರಲು ಅವಕಾಶ ಸಿಕ್ಕಿತೆಂದರೆ ಅದು ರಕ್ತನಾಳಗಳ ಗೋಡೆಯನ್ನು ಕೊರೆದು ಒಳಗೆ ನುಗ್ಗುತ್ತದೆ. ಅಲ್ಲಿ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿಹೋಗುತ್ತದೆ. ಕಾಲುವೆ ಕಟ್ಟಿಹೋದರೆ ಕೆಳಗಿನ ಗದ್ದೆ ಒಣಗುವಂತೆ, ರಕ್ತ ಸಿಗದ ಭಾಗ ಸತ್ತು ಕಪ್ಪಾಗುತ್ತದೆ. ಕಪ್ಪಾಗಿ ಕಾಣುವುದು ರೋಗಿಯ ಸತ್ತ ಮಾಂಸವೇ ಹೊರತು ಬೂಷ್ಟಲ್ಲ. ಇದರಿಂದ ಇನ್ನೊಂದು ತೊಡಕೂ ಇದೆ: ರಕ್ತವೇ ಹರಿಯದ ಕಡೆಗೆ ಔಷಧವೂ ಹೋಗಲಾರದು. ಈ ರೋಗಕ್ಕೆ ಮದ್ದಿನ ಜೊತೆಗೆ ಕತ್ತಿಯೂ ಬೇಕಾಗುವುದು ಈ ಕಾರಣದಿಂದಲೇ.

ವೈದ್ಯಶಾಸ್ತ್ರದಲ್ಲಿ ಇದನ್ನು ಮ್ಯೂಕರ್‌ಮೈಕೋಸಿಸ್ ಎನ್ನುತ್ತಾರೆ. ಆಸ್ಟ್ರಿಯಾ ದೇಶದ ಪಾಲ್ಟಾಫ್ ಎಂಬ ವೈದ್ಯರು 1885ರಲ್ಲಿಯೇ ಮನುಷ್ಯನಲ್ಲಿ ಕಂಡ ಇಂಥದೊಂದು ರೋಗವನ್ನು ವರ್ಣಿಸಿ ಬರೆದರು. 1943ರಲ್ಲಿ ಅಮೆರಿಕದ ಗ್ರೆಗರಿ ಮತ್ತು ಸಂಗಡಿಗರು ಮೂವರು ರೋಗಿಗಳ ಚರಿತ್ರೆಯನ್ನು ಪ್ರಕಟಿಸಿದರು: ಮೂವರಿಗೂ ಮಧುಮೇಹ ಮಿತಿಮೀರಿತ್ತು, ರೋಗ ಮೂಗಿನ ಕಡೆಯಿಂದ ಕಣ್ಣಿಗೂ ಅಲ್ಲಿಂದ ಮಿದುಳಿಗೂ ಏರಿತ್ತು. ಎಂದರೆ, ನಮ್ಮ ಪತ್ರಿಕೆಗಳು ಹೊಸದೆಂದು ಸಾರಿದ ರೋಗದ ದಾರಿ ಎಪ್ಪತ್ತೆಂಟು ವರ್ಷ ಮೊದಲೇ ವೈದ್ಯರಿಗೆ ತಿಳಿದಿತ್ತು. ಇತಿಹಾಸದ ವಿದ್ಯಾರ್ಥಿಯಾದ ನನಗೆ ಇದು ಬಹಳ ಚುಚ್ಚಿತು.

ಈಗ ಮುಖ್ಯವಾದ ಪ್ರಶ್ನೆಗೆ ಬರೋಣ. ಎಲ್ಲರ ಮೂಗಿಗೂ ಬೀಳುವ ಬೀಜ ಕೆಲವರಲ್ಲಿ ಮಾತ್ರ ಮೊಳೆಯುವುದೇಕೆ? ಇದಕ್ಕೆ ಉತ್ತರವನ್ನು ಬೀಜದಲ್ಲಿ ಹುಡುಕುವುದಕ್ಕಿಂತ ನೆಲದಲ್ಲಿ ಹುಡುಕಬೇಕೆಂಬುದು ನಾನು ಓದಿದ್ದರ ಸಾರ. ರಕ್ತದಲ್ಲಿ ಸಕ್ಕರೆ ಬಹಳವಾದಾಗ ಬಿಳಿಯ ರಕ್ತಕಣಗಳು ಮಂಕಾಗುತ್ತವೆ. ಬೀಜಕದ ಬಳಿಗೆ ಹೋಗುವುದರಲ್ಲಿಯೂ ಅದನ್ನು ಕೊಲ್ಲುವುದರಲ್ಲಿಯೂ ಹಿಂದೆ ಬೀಳುತ್ತವೆ. ಸಕ್ಕರೆ ಇನ್ನೂ ಕೈಮೀರಿದರೆ ರಕ್ತ ಆಮ್ಲವಾಗುತ್ತದೆ. ನಮ್ಮ ರಕ್ತದಲ್ಲಿ ಕಬ್ಬಿಣವನ್ನು ಬಿಗಿಹಿಡಿದು ಸಾಗಿಸುವ ಒಂದು ಪ್ರೋಟೀನು ಇದೆ. ರಕ್ತ ಆಮ್ಲವಾದಾಗ ಅದರ ಹಿಡಿತ ಸಡಿಲವಾಗಿ ಕಬ್ಬಿಣ ಬಿಟ್ಟುಹೋಗುತ್ತದೆ. ಈ ಬೂಷ್ಟಿಗೆ ಬೇಕಾದುದೂ ಅದೇ. ಕಬ್ಬಿಣ ಸಿಕ್ಕರೆ ಅದು ಹುಲುಸಾಗಿ ಬೆಳೆಯುತ್ತದೆ. ಇದಕ್ಕೆ ಒಂದು ವಿಚಿತ್ರವಾದ ಸಾಕ್ಷ್ಯವೂ ಉಂಟು. ಮೂತ್ರಪಿಂಡ ಕೆಟ್ಟು ಡಯಾಲಿಸಿಸ್‌ನಲ್ಲಿದ್ದ ಕೆಲವರಿಗೆ ಹೆಚ್ಚಾದ ಲೋಹವನ್ನು ತೆಗೆಯಲೆಂದು ಡೆಫೆರಾಕ್ಸಮೀನ್ ಎಂಬ ಔಷಧವನ್ನು ಕೊಡುತ್ತಿದ್ದರು. ಅಂಥವರಲ್ಲಿ ಈ ರೋಗ ಹೆಚ್ಚಾಗಿ ಕಂಡಿತು. ಕಬ್ಬಿಣವನ್ನು ಹಿಡಿದ ಆ ಔಷಧ ಅದನ್ನು ತಂದು ಬೂಷ್ಟಿಗೇ ಉಣಿಸುತ್ತಿತ್ತೆಂದು ಆಮೇಲೆ ತಿಳಿಯಿತು! ಸಾಲದುದಕ್ಕೆ, ರಕ್ತನಾಳದ ಒಳಪದರದ ಜೀವಕೋಶಗಳ ಮೇಲೆ ಇರುವ ಇನ್ನೊಂದು ಪ್ರೋಟೀನು ಸಕ್ಕರೆ, ಕಬ್ಬಿಣಗಳು ಹೆಚ್ಚಿದಾಗ ತಾನೂ ಹೆಚ್ಚುತ್ತದೆ. ರೈಜೋಪಸ್ ಅದನ್ನೇ ಹಿಡಿಕೆಮಾಡಿಕೊಂಡು ಒಳಗೆ ಹೋಗುತ್ತದೆ.

ಇಷ್ಟರಲ್ಲಿ ವೈರಸ್ಸಿನ ಪಾಲೇನು? ಉಸಿರಾಟದ ವೈರಸ್ಸು ಶ್ವಾಸನಾಳದ ಒಳಪದರವನ್ನು ಸುಲಿದುಹಾಕುತ್ತದೆ. ಧೂಳನ್ನೂ ಬೀಜಕಗಳನ್ನೂ ಹೊರಕ್ಕೆ ಗುಡಿಸುವ ನವುರಾದ ರೋಮಗಳು ಅಲ್ಲಿಯೇ ಇರುವುದು. ಬೇಲಿ ಮುರಿದ ಹೊಲಕ್ಕೆ ದನ ನುಗ್ಗುವಂತೆ ಬೂಷ್ಟು ನುಗ್ಗುತ್ತದೆ. ಇದು ಕೊರೋನವೊಂದರದೇ ಕಥೆಯಲ್ಲ. ಹಾಲೆಂಡ್, ಬೆಲ್ಜಿಯಂ ದೇಶಗಳ ಏಳು ತೀವ್ರ ನಿಗಾ ಘಟಕಗಳಲ್ಲಿ ಇನ್‌ಫ್ಲುಯೆಂಜಾ ಜ್ವರಕ್ಕೆ ಸೇರಿದ್ದ 432 ಮಂದಿಯನ್ನು ಕುರಿತ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಅವರಲ್ಲಿ 83 ಮಂದಿಗೆ, ಎಂದರೆ ನೂರಕ್ಕೆ 19 ಮಂದಿಗೆ, ಆಸ್ಪರ್‌ಜಿಲಸ್ ಎಂಬ ಬೂಷ್ಟು ಶ್ವಾಸಕೋಶವನ್ನು ಹೊಕ್ಕಿತ್ತು. ಹಾಗೆ ಹೊಕ್ಕವರಲ್ಲಿ ಮೂರು ತಿಂಗಳೊಳಗೆ ನೂರಕ್ಕೆ 51 ಮಂದಿ ತೀರಿಕೊಂಡರು; ಬೂಷ್ಟು ಇಲ್ಲದವರಲ್ಲಿ ತೀರಿಕೊಂಡವರು 28. ಮೊದಲಿನಿಂದ ರೋಗನಿರೋಧ ಶಕ್ತಿ ಚೆನ್ನಾಗಿಯೇ ಇದ್ದವರೂ ಈ ಪಟ್ಟಿಯಲ್ಲಿದ್ದರು. ಈ ಆಸ್ಪರ್‌ಜಿಲಸ್‌ಗೆ ಹೆಸರಿಟ್ಟವರು ಫ್ಲಾರೆನ್ಸಿನ ಮಿಕೆಲಿ ಎಂಬ ಸಸ್ಯಶಾಸ್ತ್ರಜ್ಞ ಪಾದ್ರಿಗಳು, 1729ರಲ್ಲಿ. ಇಗರ್ಜಿಯಲ್ಲಿ ತೀರ್ಥ ಚಿಮುಕಿಸುವ ಸಾಧನದಂತೆ ಅದು ಅವರಿಗೆ ಕಂಡಿತಂತೆ. ಕೊರೋನದ ಕಾಲದಲ್ಲಿ ಯುರೋಪಿನ ನಿಗಾ ಘಟಕಗಳನ್ನು ಹೆಚ್ಚಾಗಿ ಕಾಡಿದ್ದು ಈ ತೀರ್ಥದ ಬೂಷ್ಟು. ನಮ್ಮ ದೇಶದಲ್ಲಿ ಬ್ರೆಡ್ಡಿನ ಬೂಷ್ಟಿನ ದಾಯಾದಿ ಮುಂದೆ ಬಂತು.

ಅದೇಕೆ ಹಾಗೆ? ಇಲ್ಲಿ ಸ್ಟಿರಾಯ್ಡ್ ಎಂಬ ಔಷಧದ ಮಾತು ಬರುತ್ತದೆ. 2020ನೆಯ ಜೂನ್ 16ರಂದು ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದವರು, ಡೆಕ್ಸಾಮೆಥಸೋನ್ ಎಂಬ ಅಗ್ಗದ ಹಳೆಯ ಸ್ಟಿರಾಯ್ಡು ಕೊರೋನ ರೋಗಿಗಳ ಪ್ರಾಣ ಉಳಿಸುತ್ತದೆಯೆಂದು ಪ್ರಕಟಿಸಿದರು. ಕೃತಕ ಉಸಿರಾಟದ ಯಂತ್ರದಲ್ಲಿದ್ದವರಲ್ಲಿ ಸಾವು ಮೂರನೆಯ ಒಂದು ಪಾಲು ಇಳಿಯಿತು; ಆಮ್ಲಜನಕ ಪಡೆಯುತ್ತಿದ್ದವರಲ್ಲಿ ಐದನೆಯ ಒಂದು ಪಾಲು. ದಿನಕ್ಕೆ 6 ಮಿಲಿಗ್ರಾಂ, ಹೆಚ್ಚೆಂದರೆ ಹತ್ತು ದಿನ. ಇದು ದೊಡ್ಡ ಉಪಕಾರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದೇ ಪ್ರಯೋಗದಲ್ಲಿ ಇನ್ನೊಂದು ಮಾತೂ ಇತ್ತು: ಆಮ್ಲಜನಕ ಬೇಕಾಗದವರಿಗೆ ಇದರಿಂದ ಪ್ರಯೋಜನವಿಲ್ಲ. ಮೊದಲ ಮಾತು ಹಳ್ಳಿಹಳ್ಳಿಯನ್ನೂ ತಲುಪಿತು; ಎರಡನೆಯದು ತಲುಪಲಿಲ್ಲ. ಸ್ಟಿರಾಯ್ಡು ದೇಹದ ಕಾವಲನ್ನು ಮಲಗಿಸುತ್ತದೆ, ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಮಧುಮೇಹ ಮನೆಮನೆಯಲ್ಲಿರುವ ನಮ್ಮ ದೇಶದಲ್ಲಿ ಇದರ ಫಲ ಏನಾದೀತೆಂದು ಊಹಿಸುವುದು ಕಷ್ಟವಲ್ಲ.

ಇನ್ನು ನಮ್ಮ ಮನೆಯ ಸಂಗತಿ. ಮಾವ ಒಂದು ದಿನಸಿ ಅಂಗಡಿ ಇಟ್ಟುಕೊಂಡವರು. ಆರು ವರ್ಷಗಳಿಂದ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಏಪ್ರಿಲ್ 27ರಿಂದ ರಾಜ್ಯದಲ್ಲೆಲ್ಲ ಓಡಾಟ ನಿಂತಿತು. ಅದಾದ ಮೂರು ನಾಲ್ಕು ದಿನಕ್ಕೆ ಅವರಿಗೆ ಜ್ವರ ಬಂತು. ಬೆರಳಿಗೆ ಸಿಕ್ಕಿಸುವ ಯಂತ್ರದಲ್ಲಿ ಆಮ್ಲಜನಕ 96ಕ್ಕಿಂತ ಕೆಳಗೆ ಇಳಿಯಲೇ ಇಲ್ಲ. ಆಸ್ಪತ್ರೆಗಳಲ್ಲಿ ಹಾಸಿಗೆ ಇರಲಿಲ್ಲ. ಇದ್ದರೂ ಅವರನ್ನು ಸೇರಿಸಿಕೊಳ್ಳುವ ಅಗತ್ಯವಿರಲಿಲ್ಲ. ಆಗ ಕೊರೋನದ ಔಷಧಗಳ ಪಟ್ಟಿಯೊಂದು ಮೊಬೈಲಿನಲ್ಲಿ ಕೈಯಿಂದ ಕೈಗೆ ಓಡಾಡುತ್ತಿತ್ತು. ಬರೆದವರಾರೋ ತಿಳಿಯದು. ಅದನ್ನು ತೋರಿಸಿದರೆ ಔಷಧದ ಅಂಗಡಿಯವರು ಮರುಮಾತಿಲ್ಲದೆ ಕೊಡುತ್ತಿದ್ದರು. ಅದರಲ್ಲಿ ಸ್ಟಿರಾಯ್ಡೂ ಇತ್ತು. ಎರಡನೆಯ ದಿನವೇ ಮಾವ ಅದನ್ನು ನುಂಗಲು ಆರಂಭಿಸಿದರು. ಜ್ವರ ಇಳಿಯಿತು, ಹಸಿವು ಬಂತು, ಮುಖ ಗೆಲುವಾಯಿತು. “ಈ ಮಾತ್ರೆ ನಾಟಿತು ಕಣೋ, ಇನ್ನೊಂದು ಹಾಳೆ ತಂದುಬಿಡು” ಎಂದು ಕಿಟಕಿಯಿಂದ ಕೂಗಿ ಹೇಳಿದರು. ಸೈಕಲ್ ತುಳಿದುಕೊಂಡು ಹೋಗಿ ತಂದುಕೊಟ್ಟವನು ನಾನು. ನಿಶ್ಶಕ್ತಿ ಹೋಗಲೆಂದು ಅತ್ತೆ ಗ್ಲೂಕೋಸ್ ಪುಡಿ ಕಲಸಿದ ನೀರು, ಮೂಸಂಬಿಯ ರಸ ಕೊಡುತ್ತಲೇ ಇದ್ದರು. ರಕ್ತ ಪರೀಕ್ಷೆಯ ಮಾತನ್ನು ಯಾರೂ ಎತ್ತಲಿಲ್ಲ.

ಹದಿನೈದನೆಯ ದಿನ ಎಡಗಡೆಯ ಮೇಲ್ದವಡೆಯಲ್ಲಿ ನೋವು. ಎಲ್ಲರೂ ಹಲ್ಲುನೋವೆಂದುಕೊಂಡೆವು. ಅತ್ತೆ ಲವಂಗ ಕೊಟ್ಟರು. ಮರುದಿನ ಎಡಗೆನ್ನೆ ಜೋಮು ಹಿಡಿದಂತಾಯಿತು. ಎಡಗಡೆಯ ಮೂಗು ಮಾತ್ರ ಕಟ್ಟಿ, ಸೀನಿದಾಗ ಕಂದುಬಣ್ಣದ ಕಸರು ಬಂತು. ಕೆನ್ನೆಯ ಮೇಲೆ ಅಮೃತಾಂಜನ ತಿಕ್ಕಿಕೊಂಡು ಮಾವ ಎರಡು ದಿನ ಕಳೆದರು. ನಾಲ್ಕನೆಯ ರಾತ್ರಿ ಊಟಕ್ಕೆ ಕೂತಾಗ, “ರೀ, ನಿಮ್ಮ ಕಣ್ಣುರೆಪ್ಪೆ ಯಾಕೆ ಹಾಗೆ ಜೋತುಬಿದ್ದಿದೆ?” ಎಂದು ಅತ್ತೆ ಕೇಳಿದರು. ಮಾವ ಮೇಲೆ ನೋಡಿ, “ದೀಪ ಎರಡು ಕಾಣ್ತಿದೆ” ಎಂದರು.

ಜಿಲ್ಲಾಕೇಂದ್ರದ ಆಸ್ಪತ್ರೆಯಲ್ಲಿ ಮೊದಲು ನೋಡಿದ್ದು ರಕ್ತದ ಸಕ್ಕರೆಯನ್ನು. 438 ಇತ್ತು. ಕಿವಿ, ಮೂಗು, ಗಂಟಲಿನ ವೈದ್ಯೆಯೊಬ್ಬರು ಮೂಗಿನೊಳಕ್ಕೆ ದುರ್ಬೀನು ಇಳಿಸಿ, ಕಪ್ಪು ಹಕ್ಕಳೆಯಂಥದನ್ನು ಕೆರೆದು ತೆಗೆದು ಪರೀಕ್ಷೆಗೆ ಕಳುಹಿಸಿದರು. ಗಾಜಿನ ಮೇಲೆ ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಹನಿ ಹಾಕಿದರೆ ಮಾಂಸದ ಅಂಶ ಕರಗಿ ಬೂಷ್ಟಿನ ಎಳೆಗಳಷ್ಟೇ ನಿಲ್ಲುತ್ತವೆ. ಆಸ್ಪರ್‌ಜಿಲಸ್ ಆದರೆ ಎಳೆ ಸಣ್ಣ, ಗೆಣ್ಣುಗೆಣ್ಣಾಗಿ ಅಡ್ಡಗೋಡೆಗಳು, ಕವಲುಗಳು ಓರೆ. ಮ್ಯೂಕರ್ ಜಾತಿಯದಾದರೆ ಎಳೆ ಲಾಡಿಯಂತೆ ಅಗಲ, ಅಡ್ಡಗೋಡೆ ಬಹಳ ವಿರಳ, ಕವಲುಗಳು ಹೆಚ್ಚುಕಡಿಮೆ ನೇರ ಕೋನದಲ್ಲಿ. ಈ ವ್ಯತ್ಯಾಸ ಬರಿಯ ಪಾಂಡಿತ್ಯದ್ದಲ್ಲ. ಆಸ್ಪರ್‌ಜಿಲಸ್ಸಿಗೆ ಕೊಡುವ ವೋರಿಕೊನಜೋಲ್ ಎಂಬ ಒಳ್ಳೆಯ ಮದ್ದು ಮ್ಯೂಕರ್ ಜಾತಿಗೆ ತಾಗುವುದೇ ಇಲ್ಲ. ಮಾವನ ಗಾಜಿನಲ್ಲಿ ಕಂಡದ್ದು ಲಾಡಿಗಳು.

ಅದಕ್ಕೆ ತಾಗುವ ಮದ್ದು ಆಂಫೊಟೆರಿಸಿನ್. ಇದರ ಹುಟ್ಟು ಸ್ವಾರಸ್ಯವಾದುದು. ದಕ್ಷಿಣ ಅಮೆರಿಕದ ವೆನೆಜುವೆಲಾದಲ್ಲಿ ಒರಿನೋಕೊ ನದಿಯ ಕಡೆಯಿಂದ ತಂದ ಒಂದು ಹಿಡಿ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯಿಂದ 1950ರ ದಶಕದ ನಡುವಿನಲ್ಲಿ ಅಮೆರಿಕದ ಸ್ಕ್ವಿಬ್ ಸಂಸ್ಥೆಯವರು ಇದನ್ನು ಪಡೆದರು. ಬೂಷ್ಟು ಬಂದುದೂ ಮಣ್ಣಿನಿಂದ, ಮದ್ದು ಬಂದುದೂ ಮಣ್ಣಿನಿಂದ. ಬೂಷ್ಟಿನ ಜೀವಕೋಶದ ಪೊರೆಯಲ್ಲಿರುವ ಎರ್ಗೊಸ್ಟೆರಾಲ್ ಎಂಬ ವಸ್ತುವಿಗೆ ಅದು ಅಂಟಿ ಪೊರೆಯನ್ನು ಕೆಡಿಸುತ್ತದೆ. ನಮ್ಮ ಜೀವಕೋಶದ ಪೊರೆಯಲ್ಲಿ ಅದರ ಜ್ಞಾತಿಯಾದ ಕೊಲೆಸ್ಟರಾಲ್ ಇರುವುದರಿಂದ ಪೆಟ್ಟು ನಮಗೂ ತಗಲುತ್ತದೆ. ಮೂತ್ರಪಿಂಡ ಸೋಲುತ್ತದೆ, ಗಡಗಡ ನಡುಕ ಬರುತ್ತದೆ. ಕೊಬ್ಬಿನ ಸೂಕ್ಷ್ಮ ಗುಳ್ಳೆಗಳಲ್ಲಿ ಸೇರಿಸಿ ಕೊಡುವ ಲೈಪೊಸೋಮ್ ಬಗೆ ಈ ವಿಷಯದಲ್ಲಿ ಮೃದು, ಬೆಲೆಯಲ್ಲಿ ಕಠಿನ. ದೇಹತೂಕದ ಕಿಲೋ ಒಂದಕ್ಕೆ ದಿನಕ್ಕೆ 5 ಮಿಲಿಗ್ರಾಂ ಲೆಕ್ಕ. ಅರವತ್ತು ಕಿಲೋ ತೂಗುತ್ತಿದ್ದ ಮಾವನಿಗೆ 50 ಮಿಲಿಗ್ರಾಮಿನ ಸೀಸೆಗಳು ದಿನಕ್ಕೆ ಆರು ಬೇಕು. ಅಂದು ದೇಶದಲ್ಲೆಲ್ಲ ಅದಕ್ಕೆ ಅಭಾವ. ಸರ್ಕಾರವೇ ರಾಜ್ಯಗಳಿಗೆ ಹಂಚುತ್ತಿತ್ತು. ಕೆಲವು ದಿನ ಎರಡು ಸೀಸೆ, ಕೆಲವು ದಿನ ಮೂರು. ಸಿಗದ ದಿನಗಳಲ್ಲಿ ಹಳೆಯ ಬಗೆಯದನ್ನೇ ಕೊಟ್ಟರು. ಮಾವ ಕಂಬಳಿ ಹೊದ್ದು ನಡುಗುವುದನ್ನು ಅತ್ತೆ ಬಾಗಿಲಿನಿಂದ ನೋಡಬೇಕಾಯಿತು.

ಶಸ್ತ್ರಚಿಕಿತ್ಸೆ ಎರಡು ಸಲ ಆಯಿತು. ಮೊದಲ ಸಲ ಮೂಗಿನ ಪಕ್ಕದ ಗಾಳಿಗೂಡುಗಳನ್ನೂ ಮೇಲ್ದವಡೆಯ ಒಂದು ಭಾಗವನ್ನೂ ತೆಗೆದರು. ಎರಡನೆಯ ಸಲ ಕಣ್ಣು. ಮಿದುಳಿಗೆ ಏರುವ ಮೊದಲೇ ತೆಗೆಯದಿದ್ದರೆ ಪ್ರಾಣ ಉಳಿಯದೆಂದು ವೈದ್ಯೆ ತಿಳಿಯಹೇಳಿದಾಗ ಕಾಗದಕ್ಕೆ ರುಜು ಹಾಕಿದವರು ಅತ್ತೆ.

ದೇಶದ ಲೆಕ್ಕವನ್ನು ಇಲ್ಲಿ ಹೇಳಬೇಕು. 2021ರ ಜೂನ್ 28ರಂದು ಕೇಂದ್ರ ಆರೋಗ್ಯ ಸಚಿವರು ತಿಳಿಸಿದಂತೆ ಅಲ್ಲಿಯವರೆಗೆ ಈ ರೋಗಕ್ಕೆ ತುತ್ತಾದವರು 40,845 ಮಂದಿ, ಸತ್ತವರು 3,129. ರೋಗಿಗಳಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ಮಂದಿಗೆ ಕೊರೋನ ಬಂದಿತ್ತು, 64 ಮಂದಿಗೆ ಮಧುಮೇಹವಿತ್ತು, 52ಕ್ಕಿಂತ ಹೆಚ್ಚು ಮಂದಿ ಸ್ಟಿರಾಯ್ಡು ತೆಗೆದುಕೊಂಡಿದ್ದರು. ಸಾವಿನ ಸಂಖ್ಯೆ ಕಡಿಮೆಯೆಂದು ಯಾರೂ ಸಮಾಧಾನಪಡಬಾರದು. ಅಂದು ಆಸ್ಪತ್ರೆಗಳಲ್ಲಿ ಮಲಗಿದ್ದವರ ಗತಿ ಆ ಲೆಕ್ಕಕ್ಕೆ ಇನ್ನೂ ಸೇರಿರಲಿಲ್ಲ. ಎರಡನೆಯ ಅಲೆಗೆ ಮುಂಚೆ, 2020ರ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ, ನಮ್ಮ ದೇಶದ 16 ಆಸ್ಪತ್ರೆಗಳಲ್ಲಿ ನಡೆಸಿದ ಅಧ್ಯಯನದಲ್ಲಿ 287 ರೋಗಿಗಳು ಸಿಕ್ಕಿದ್ದರು. ಹಿಂದಿನ ವರ್ಷದ ಅದೇ ತಿಂಗಳುಗಳಿಗಿಂತ ಇದು ಎರಡರಷ್ಟಕ್ಕೂ ಹೆಚ್ಚು. ಹನ್ನೆರಡು ವಾರಗಳಲ್ಲಿ ಅವರಲ್ಲಿ ನೂರಕ್ಕೆ ಸುಮಾರು 45 ಮಂದಿ ತೀರಿಕೊಂಡರು. ಸಲ್ಲದ ಕಡೆ ಸ್ಟಿರಾಯ್ಡು ಬಳಸಿದುದಕ್ಕೂ ಈ ರೋಗಕ್ಕೂ ನಂಟಿದೆಯೆಂದು ಆ ಅಧ್ಯಯನವೇ ತೋರಿಸಿತ್ತು. ಎಚ್ಚರಿಕೆ ಇತ್ತು ಎಂದಾಯಿತು. ಅದು ನಮ್ಮ ಬೀದಿಯ ಔಷಧದ ಅಂಗಡಿಯವರೆಗೆ ಬರಲಿಲ್ಲ.

ಕಾರ್ಖಾನೆಯ ಆಮ್ಲಜನಕ, ಮಾಸದ ಮುಖಗವುಸು, ಹಬೆ ತೆಗೆದುಕೊಳ್ಳುವುದು, ಸತುವಿನ ಮಾತ್ರೆ ಎಂದು ಆಗ ಹಲವು ಕಾರಣಗಳನ್ನು ಹೇಳಿದರು. ಯಾವುದಕ್ಕೂ ಗಟ್ಟಿಯಾದ ಆಧಾರ ನನಗೆ ಸಿಕ್ಕಲಿಲ್ಲ. ಆಮ್ಲಜನಕವನ್ನೇ ಮುಟ್ಟದ ನಮ್ಮ ಮಾವನಂಥವರಿಗೂ ರೋಗ ಬಂದಿತಲ್ಲ! ಸಕ್ಕರೆ, ಸ್ಟಿರಾಯ್ಡು, ವೈರಸ್ಸು ಈ ಮೂರರ ಮೇಲಿನ ಆರೋಪ ಮಾತ್ರ ಎಲ್ಲ ಕಡೆಯೂ ನಿಲ್ಲುತ್ತದೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯವರು ಮನುಷ್ಯನಿಗೆ ಅಪಾಯಕಾರಿಯಾದ 19 ಶಿಲೀಂಧ್ರಗಳ ಪಟ್ಟಿಯೊಂದನ್ನು ಮೊಟ್ಟಮೊದಲ ಬಾರಿಗೆ ಮಾಡಿದರು. ಆಸ್ಪರ್‌ಜಿಲಸ್ ಫ್ಯೂಮಿಗೇಟಸ್ ಮೊದಲನೆಯ ವರ್ಗದಲ್ಲಿಯೂ ಮ್ಯೂಕರ್ ಗುಂಪು ಎರಡನೆಯ ವರ್ಗದಲ್ಲಿಯೂ ಇವೆ.

ವಾಚಕರು ನೆನಪಿಡಬೇಕಾದ ಚಿಹ್ನೆಗಳು ಮಾವನ ಕಥೆಯಲ್ಲಿಯೇ ಬಂದಿವೆ: ಒಂದೇ ಕಡೆಯ ಮೂಗು ಕಟ್ಟುವುದು, ಒಂದೇ ಕಡೆಯ ಕೆನ್ನೆ ಜೋಮು ಹಿಡಿಯುವುದು, ಕಾರಣವಿಲ್ಲದ ಮೇಲ್ಹಲ್ಲಿನ ನೋವು, ಹಲ್ಲು ಅಲುಗುವುದು, ರೆಪ್ಪೆ ಜೋಲುವುದು, ಒಂದು ವಸ್ತು ಎರಡಾಗಿ ಕಾಣುವುದು. ಜ್ವರ ಬಿಟ್ಟು ಎರಡು ಮೂರು ವಾರಗಳಾದ ಮೇಲೂ ಇವು ತೋರಬಹುದು. ಮಧುಮೇಹಿಗಳಲ್ಲಿ ಇದರಲ್ಲಿ ಒಂದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ನಾವು ನಾಲ್ಕು ದಿನ ಲವಂಗದಲ್ಲಿಯೂ ಅಮೃತಾಂಜನದಲ್ಲಿಯೂ ಕಳೆದೆವು.

ಮಾವ ನಲವತ್ತೆರಡು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು. ಆಮೇಲೆ ಬಹಳ ಕಾಲ ಪೋಸಕೊನಜೋಲ್ ಮಾತ್ರೆ ನುಂಗಿದರು. ಅಂಗುಳಿನ ತೂತಿಗೆ ದಂತವೈದ್ಯರು ಮಾಡಿಕೊಟ್ಟ ತಟ್ಟೆಯೊಂದನ್ನು ಈಗಲೂ ಇಟ್ಟುಕೊಳ್ಳುತ್ತಾರೆ. ಅದಿಲ್ಲದಿದ್ದರೆ ಮಾತು ಮೂಗಿನಲ್ಲಿ ಹೋಗುತ್ತದೆ, ಕುಡಿದ ಕಾಫಿಯೂ ಮೂಗಿಗೇ ಬರುತ್ತದೆ. ಆ ಎರಡನೆಯ ಹಾಳೆಯ ಮಾತನ್ನು ನಾನು ಒಮ್ಮೆ ಎತ್ತಿದೆ. “ನಾನು ಕೇಳಿದೆ, ನೀನು ತಂದೆ. ಬಿಡು” ಎಂದು ತಕ್ಕಡಿಯ ಕಡೆಗೆ ತಿರುಗಿದರು. ಅಂಗಡಿಯಲ್ಲಿ ಸಕ್ಕರೆ ನೋಡುವ ಸಣ್ಣ ಯಂತ್ರವೊಂದನ್ನು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಇಟ್ಟುಕೊಂಡಿದ್ದಾರೆ. ಬೆಳಗ್ಗೆ ಬಾಗಿಲು ತೆಗೆಯುವ ಮುಂಚೆ ಬೆರಳು ಚುಚ್ಚಿ ನೋಡಿ, ಸಾಲದ ಪುಸ್ತಕದ ಹಿಂಬದಿಯ ಹಾಳೆಗಳಲ್ಲಿ ತಾರೀಖು ಹಾಕಿ ಬರೆಯುತ್ತಾರೆ. ಮೊನ್ನೆ ರಜೆಗೆ ಹೋದಾಗ ನೋಡಿದೆ, 132 ಎಂದಿತ್ತು.